ತಿಕೋಟಾದಿಂದ ಬಬಲೇಶ್ವರಕ್ಕ ವಿಮಾನದಾಗ ಎಷ್ಟ ದೂರ?

ನಮ್ಮ ವಿಜಾಪುರ ಸೀಮೆಯಲ್ಲಿ ದಾರಿ ಕೇಳಿದರೆ ತೊಂದರೆ ಇಲ್ಲ. ಕೇಳಿದವನನ್ನು ಕೈಹಿಡಿದು ಕರೆದುಕೊಂಡು ಹೋಗಿ ಬಾಗಿಲ ತನಕ ಬಿಟ್ಟು ಬರುವ ಜನ ನಾವು. ದೂರ ಮಾತ್ರ ಕೇಳಬಾರದು. ದೂರ ಕೇಳಿದರೆ ನಮ್ಮಲ್ಲಿ ಇರುವುದು ಒಂದೇ ಉತ್ತರ: "ಇಲ್ಲೇ ಐತ್ರಿ." ಇಲ್ಲೇ ಅಂದರೆ ಮಗ್ಗಲ ಮನೆಯೂ ಇರಬಹುದು, ಮುಂದಿನ ತಾಲೂಕೂ ಇರಬಹುದು. ನಂಬಿ ಹೊರಟವನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಊರು ಮುಟ್ಟುತ್ತಾನೆ. ಈ ಒಂದು ಶಬ್ದದಿಂದ ನಾನು ಪಟ್ಟ ಪಾಡು ಯಾವ ವೈರಿಗೂ ಬೇಡ. ಆದರೂ ಮೊನ್ನೆ ಸಿದ್ಧೇಶ್ವರ ಗುಡಿಯ ಮುಂದೆ ಪರವೂರಿನವರೊಬ್ಬರು, "ಸ್ಟೇಷನ್ ಎಷ್ಟು ದೂರ?" ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು ಏನು? ಅದೇ. ಅವರು ನಡೆದುಕೊಂಡೇ ಹೊರಟರು. ಪಾಪ, ರೈಲು ಸಿಕ್ಕಿತೋ ಇಲ್ಲವೋ.

೧. ಇಪ್ಪತ್ತೆರಡನೇ ಖಾನೆ

ಆಗ ಲಡಾಯಿಯ ಕಾಲ. ನಾನು ವಿಜಾಪುರದ ಒಂದು ಸರಕಾರಿ ಕಚೇರಿಯಲ್ಲಿ ಹಂಗಾಮಿ ಕಾರಕೂನ. ಹಂಗಾಮಿ ಅಂದರೆ ಕೂಡಲು ಖುರ್ಚಿ ಇತ್ತು, ಒರಗಲು ಧೈರ್ಯ ಇರಲಿಲ್ಲ. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕ ಒಂದು ಖೋಲಿ ಹಿಡಿದಿದ್ದೆ. ಸಾರವಾಡದ ಒಬ್ಬ ರೈತರ ಮಗಳೊಂದಿಗೆ ನನ್ನ ಮದುವೆಯ ಮಾತು ಆಗಿತ್ತು. ಹುಡುಗಿ ನನಗೆ ಒಪ್ಪಿಗೆ, ನಾನು ಹುಡುಗಿಗೆ ಒಪ್ಪಿಗೆ. ಆದರೆ ಮಾವನಾಗಬೇಕಾದವರು ಒಂದು ಗೂಟ ಬಡಿದಿದ್ದರು: "ನೌಕರಿ ಕಾಯಂ ಆಗ್ಲಿ. ಹುಕುಂ ಬಂದ ಮರುದಿವಸ ಅಕ್ಕಿಕಾಳ."

ಆ ಹೊತ್ತಿಗೆ ಸರಿಯಾಗಿ ತಿಕೋಟಾದಲ್ಲೊಂದು, ಬಬಲೇಶ್ವರದಲ್ಲೊಂದು ವಿಮಾನ ಇಳಿಯುವ ಮೈದಾನ ತಯಾರಾದವು. ಮೈದಾನ ಅಂದರೆ ಕಲ್ಲು ಆರಿಸಿ, ರೂಳು ಉರುಳಿಸಿ ನೆಲ ಸಮ ಮಾಡಿ, ನಾಲ್ಕು ಮೂಲೆಗೆ ಸುಣ್ಣ ಬಳಿದ ಬಯಲು. ಹಾರುವಾಗ ವಿಮಾನಕ್ಕೆ ಏನಾದರೂ ಆದರೆ ಇಳಿಯಲಿ ಎಂದು ಏರ್ಪಾಡು. ಮೈದಾನ ಮುಗಿದ ಮೇಲೆ ಮೇಲಿನ ಕಚೇರಿಯಿಂದ ಒಂದು ಇಂಗ್ಲಿಷ್ ನಮೂನೆ ಬಂತು. ಅದರಲ್ಲಿ ಇಪ್ಪತ್ತೆರಡು ಖಾನೆ. ಇಪ್ಪತ್ತೊಂದನ್ನು ನಾನು ಒಂದೇ ದಿನದಲ್ಲಿ ತುಂಬಿದೆ. ಇಪ್ಪತ್ತೆರಡನೆಯದು ಹೀಗಿತ್ತು: ಎರಡು ಮೈದಾನಗಳ ನಡುವಿನ ವಿಮಾನದ ದೂರ ಎಷ್ಟು? ಹಾರಾಟಕ್ಕೆ ಹಿಡಿಯುವ ವೇಳೆ ಎಷ್ಟು?

ನಮ್ಮ ಅವಲ ಕಾರಕೂನರು, ಅಂದರೆ ಕಚೇರಿಯ ಎಲ್ಲ ಗುಮಾಸ್ತರ ಮೇಲಿನವರು, ನನ್ನನ್ನು ಕರೆದು ಹೇಳಿದರು:

"ಈ ಒಂದ ಖಾನೆ ತುಂಬಿಸು. ನಿನ್ನ ಕಾಯಂ ಹುಕುಂ ಅದೇ ದಿವಸ ಸಾಹೇಬರ ಮುಂದ ಇಡ್ತೇನಿ."

ನನಗೆ ಸಾರವಾಡದ ಮದುವೆ ಚಪ್ಪರವೇ ಕಣ್ಣಿಗೆ ಕಂಡಿತು. "ಅದರಾಗೇನೈತ್ರಿ? ನಕಾಶಿ ನೋಡಿ ಬರದ ಬಿಡೂನು" ಅಂದೆ.

"ನಕಾಶಿ ಲಡಾಯಿ ಗುಪ್ತ ಕಾಗದ. ಹಂಗಾಮಿ ನೌಕರ ನೋಡೂ ಹಂಗಿಲ್ಲ."

"ಹಂಗಾರ ನೀವ ನೋಡಿ ಹೇಳ್ರಿ."

ಅವರು ಚಾಳೀಸು ತೆಗೆದು ಒರೆಸಿಕೊಂಡರು. "ನಾ ನೋಡಬಹುದು. ಹೇಳೂ ಹಂಗಿಲ್ಲ."

೨. ಹೋಗುವ ಹರದಾರಿ, ಬರುವ ಹರದಾರಿ

ನಕಾಶೆ ಇಲ್ಲದ ಮೇಲೆ ಜನರನ್ನು ಕೇಳುವುದೇ ದಾರಿ. ಕಚೇರಿಯ ಪಟ್ಟೇವಾಲನನ್ನು, ಅಂದರೆ ಜವಾನನನ್ನು, ಜೊತೆಗೆ ಕೊಟ್ಟು ನನ್ನನ್ನು ತಿಕೋಟಾಕ್ಕೆ ಅಟ್ಟಿದರು. ಪಟ್ಟೇವಾಲ ನನಗಿಂತ ವಯಸ್ಸಿನಲ್ಲಿ ದೊಡ್ಡವನು, ನೌಕರಿಯಲ್ಲಿ ಕಾಯಂ. ಅದನ್ನು ದಿನಕ್ಕೆ ಎರಡು ಸಲ ನೆನಪು ಮಾಡಿಕೊಡುತ್ತಿದ್ದ. ಪೆಟ್ರೋಲು ಸಿಗದ ಕಾಲ, ಇದ್ದಿಲ ಗ್ಯಾಸಿನ ಬಸ್ಸು. ಏರು ಬಂದಲ್ಲೆಲ್ಲ ಪ್ರಯಾಣಿಕರು ಇಳಿದು ನೂಕಬೇಕು. ವಿಮಾನದ ವೇಗ ತಿಳಿಯಲು ಹೊರಟ ನಾನು ಅರ್ಧ ದಾರಿ ಬಸ್ಸನ್ನು ನೂಕುತ್ತ ಹೋದೆ.

ತಿಕೋಟಾದ ಕಟ್ಟೆಯ ಮೇಲೆ ಇಬ್ಬರು ಹಿರಿಯರು ಕೂತಿದ್ದರು. "ಯಜಮಾನ್ರ, ಇಲ್ಲಿಂದ ಬಬಲೇಶ್ವರ ಎಷ್ಟ ದೂರ ಐತ್ರಿ?" ಎಂದು ಕೇಳಿದೆ.

"ಇಲ್ಲೇ ಐತ್ರಿ" ಅಂದರು ಒಬ್ಬರು.

"ಇಲ್ಲೇ ಅಂದ್ರ ಎಷ್ಟರಿ?"

"ಇಲ್ಲೇ ಅಂದ್ರ ಇಲ್ಲೇ. ನಾಕ ಸಲ ಎಲಿ ಅಡಕಿ ಹಾಕ್ಕೋಳೂದ್ರಾಗ ಬಂದ ಬಿಡತೈತಿ."

ಇನ್ನೊಬ್ಬರು ತಿದ್ದಿದರು: "ತಂಬಾಕ ಕೂಡಿಸಿ ಹಾಕ್ಕೊಂಡ್ರ ಇನ್ನೂ ಹತ್ತರ ಆಕ್ಕೈತಿ."

ನಾನು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬ ಹೆಣ್ಣುಮಗಳು ಅಲ್ಲೇ ನಿಂತಳು. "ಹೋಗಾಕ ಕೇಳಾಕತ್ತೀರೋ, ಬರಾಕ ಕೇಳಾಕತ್ತೀರೋ?" ಅಂದಳು.

"ಎರಡೂ ಒಂದ ಅಲ್ಲೇನಬೇ?"

"ಎಲ್ಲಿ ಒಂದರಿ? ಬಬಲೇಶ್ವರ ನನ್ನ ತವರಮನಿ. ಹೋಗಾಕ ಮೂರ ಹರದಾರಿ, ಬರಾಕ ಐದ ಹರದಾರಿ. ಹನ್ನೆರಡ ವರ್ಷ ನಡದೇನಿ, ನನಗ ಗೊತ್ತಿಲ್ಲೇನು?"

ಹರದಾರಿ ಅಂದರೆ ಸುಮಾರು ಮೂರು ಮೈಲಿ. ಎಲೆ ಅಡಿಕೆಯ ಲೆಕ್ಕಕ್ಕಿಂತ ಇದು ಎಷ್ಟೋ ಮೇಲು ಅನ್ನಿಸಿತು. ಪ್ರಾಮಾಣಿಕ ನೌಕರನ ಹಾಗೆ ಬರೆದುಕೊಂಡೆ: ಹೋಗಲು ಮೂರು ಹರದಾರಿ, ಬರಲು ಐದು.

ಅವಲ ಕಾರಕೂನರು ಅದನ್ನು ಎರಡು ಸಲ ಓದಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಅವರಿಗೂ ಹೆಂಡತಿ ಇದ್ದರು, ಹೆಂಡತಿಗೆ ತವರುಮನೆ ಇತ್ತು. ಕಾಗದವನ್ನು ಮಡಚಿ ನನ್ನ ಕೈಗೆ ವಾಪಸು ಕೊಟ್ಟು ಹೇಳಿದರು:

"ವಿಮಾನದ ತವರಮನಿ ಯಾವ ಊರು, ಮೊದಲ ಅದನ್ನ ತಿಳಕೊಂಡ ಬಾ."

೩. ಮೇಲೆ ಹಾದಿ ಎಲ್ಲಿದೆ?

ಮುಂದಿನ ವಾರ ಬಬಲೇಶ್ವರಕ್ಕೆ ಹೋದೆ. ಅಲ್ಲಿ ಊರಿಗೇ ಬುದ್ಧಿವಂತರು ಎನ್ನಿಸಿಕೊಂಡ ಮುದುಕರೊಬ್ಬರಿದ್ದರು. ಅವರ ಮನೆಯ ಮಾಳಿಗೆಯ ಮೇಲೆ ಪಾರಿವಾಳದ ಗೂಡುಗಳು. ನಾನು ಈ ಸಲ ಎಚ್ಚರದಿಂದ ಕೇಳಿದೆ. "ಅಜ್ಜಾರ, ಗಾಡಿ ಹಾದಿ ಬ್ಯಾಡ, ಕಾಲ ಹಾದಿ ಬ್ಯಾಡ. ಮ್ಯಾಲ, ಗಾಳ್ಯಾಗ, ತಿಕೋಟಾ ಎಷ್ಟ ದೂರ?"

ಅಜ್ಜ ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು. ನಾನೂ ನೋಡಿದೆ. ಪಟ್ಟೇವಾಲನೂ ನೋಡಿದ.

"ಮ್ಯಾಲ ಹಾದಿ ಎಲ್ಲೈತಿ?" ಅಂದರು ಅಜ್ಜ.

"ಇಲ್ರಿ."

"ಹಾದಿ ಇದ್ದಲ್ಲಿ ದೂರ ಇರ್ತೈತಿ. ಹಾದೀನ ಇಲ್ಲಂದ್ರ ದೂರ ಎಲ್ಲಿಂದ ಬಂತೋ ತಮ್ಮಾ?"

ದೂರ ಹೋಗಲಿ, ವೇಳೆಯಾದರೂ ಹೇಳಿ ಎಂದು ಕೈಮುಗಿದೆ. ಅಜ್ಜನಿಗೆ ಉಮೇದು ಬಂತು. ಮಾಳಿಗೆ ಹತ್ತಿ ಒಂದು ಗಂಡು ಪಾರಿವಾಳ ಹಿಡಿದು ತಂದರು. "ಇದನ್ನ ತಿಕೋಟಾಕ್ಕ ಒಯ್ದ ಬಿಡ್ರಿ. ಗೂಡ ಬಿಟ್ಟ ಇರಾಂಗಿಲ್ಲ, ನೆಟ್ಟಗ ಮನಿಗೆ ಬರ್ತೈತಿ. ಎಷ್ಟ ವ್ಯಾಳ್ಯಾ ಹಿಡೀತು ನೋಡ್ರಿ. ವಿಮಾನ ಅದರ ಅಣ್ಣ, ಸ್ವಲ್ಪ ಲಗೂನ ಬಂದೀತು."

ಇಷ್ಟು ದಿನದಲ್ಲಿ ಕೇಳಿದ ಮೊದಲ ಶಾಣ್ಯಾ ಮಾತು ಅದು. ಮರುದಿನ ಪಟ್ಟೇವಾಲ ತಿಕೋಟಾದಲ್ಲಿ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಪಾರಿವಾಳ ಬಿಟ್ಟ. ನಾನು ಬಬಲೇಶ್ವರದ ಮಾಳಿಗೆಯ ಮೇಲೆ ಗಡಿಯಾರ ಹಿಡಿದು ಕೂತೆ. ಹನ್ನೊಂದಾಯಿತು, ಹನ್ನೆರಡಾಯಿತು. ಬಿಸಿಲಿಗೆ ನನ್ನ ನೆತ್ತಿ ಕಾದು ರೊಟ್ಟಿ ಸುಡುವ ಹಂಚಾಯಿತು. ಸಂಜೆಯಾದರೂ ಪಾರಿವಾಳದ ಸುಳಿವಿಲ್ಲ. ಅಜ್ಜ ಪ್ರತಿ ತಾಸಿಗೊಮ್ಮೆ ಕೆಳಗಿನಿಂದ ಕೂಗಿ ಹೇಳುತ್ತಿದ್ದರು: "ಬರ್ತೈತಿ ತಮ್ಮಾ, ಇಲ್ಲೇ ಇರಬೇಕು!"

ಪಾರಿವಾಳ ಬಂತು. ಮೂರನೇ ದಿನ ಬಂತು. ಜೊತೆಗೆ ತಿಕೋಟಾದ ಒಂದು ಹೆಣ್ಣು ಪಾರಿವಾಳವನ್ನೂ ಕರೆದುಕೊಂಡು ಬಂತು. ಅಜ್ಜ ಇಬ್ಬರಿಗೂ ಕಾಳು ಹಾಕಿ ಗೂಡಿಗೆ ಬಿಟ್ಟುಕೊಂಡರು.

ನನಗೆ ಹೊಟ್ಟೆ ಉರಿಯಿತು. ಹಾಳು ಪಾರಿವಾಳಕ್ಕೆ ಯಾರೂ ಕಾಯಂ ಹುಕುಂ ಕೇಳಲಿಲ್ಲ.

೪. ಬದುವಿನ ಗುಂಟ ವಿಮಾನ

ಜನರನ್ನು ಕೇಳಿದ್ದು ಸಾಕು, ಸರಪಳಿ ಹಿಡಿದು ಅಳೆಯೋಣ ಎಂದು ಅವಲ ಕಾರಕೂನರು ಮೋಜಣಿಯ ಇಬ್ಬರು ಆಳುಗಳನ್ನು ಕೊಟ್ಟರು. ತಿಕೋಟಾದ ಮೈದಾನದಿಂದ ಹಿಡಿದು ಹೊಲ, ಹಳ್ಳ, ಡೋಣಿ ಹೊಳೆ ಎಲ್ಲ ದಾಟಿ ನೆಟ್ಟಗೆ ಅಳೆಯುತ್ತ ಬಂದೆವು. ಆರನೇ ದಿನ ಬಬಲೇಶ್ವರದ ಮೈದಾನ ಕಣ್ಣಿಗೆ ಕಂಡಿತು. ನಡುವೆ ಇನ್ನೊಂದೇ ಹೊಲ, ಎದೆಯೆತ್ತರ ಜೋಳ. ಸರಪಳಿ ಒಳಗೆ ಇಡುತ್ತಿದ್ದ ಹಾಗೆಯೇ ಹೊಲದೊಡೆಯ ಕೈಯಲ್ಲಿ ಕುಡುಗೋಲು ಹಿಡಿದು ಅಡ್ಡ ಬಂದ.

"ಏನ ಮಾಡಾಕತ್ತೀರಿ?"

"ವಿಮಾನದ ಹಾದಿ ಅಳ್ಯಾಕತ್ತೇವಿ" ಅಂದ ಪಟ್ಟೇವಾಲ. ಕಾಯಂ ನೌಕರ, ಅವನ ಬಾಯಿಗೆ ಅಂಕೆ ಎಲ್ಲಿ?

"ನನ್ನ ಜ್ವಾಳದಾಗ ವಿಮಾನದ ಹಾದಿ? ನನ್ನ ಹೆಣ ಬೀಳಬೇಕು!"

"ಯಪ್ಪಾ, ವಿಮಾನ ಮ್ಯಾಲ ಹೊಕ್ಕೈತಿ. ನಿನ್ನ ಜ್ವಾಳ ಮುಟ್ಟಾಂಗಿಲ್ಲ" ಎಂದು ನಾನು ಸಮಾಧಾನ ಹೇಳಿದೆ.

"ಇವತ್ತ ಮ್ಯಾಲ ಅಂತೀರಿ. ನಾಳೆ ಕೆಳಗಂತೀರಿ. ಮಂದಿ ಹಾದಿ ಒಮ್ಮೆ ಬಿತ್ತಂದ್ರ ಹ್ವಾದವರೆಲ್ಲಾ ಅದರಾಗ ಹೊಕ್ಕಾರ. ಹೋಗೂದಿದ್ರ ಬದುವಿನ ಗುಂಟ ಸುತ್ತ ಹಾಕಿ ಹೋಗ್ಲಿ."

"ವಿಮಾನ ಬದುವಿನ ಗುಂಟ ಹೆಂಗ ಹೊಕ್ಕೈತೋ ಮಾರಾಯಾ?"

"ಎಮ್ಮಿ ಹೊಕ್ಕಾವು, ಅದಕ್ಕೇನಾಗೈತಿ?"

ಒಂದು ತಾಸು ವಾದ ಮಾಡಿದೆ. ಗಂಟಲು ಒಣಗಿತು, ತಾಳ್ಮೆ ಮುಗಿಯಿತು, ಅವನ ಕುಡುಗೋಲು ಮಾತ್ರ ಕೆಳಗೆ ಇಳಿಯಲಿಲ್ಲ. ಕಡೆಗೆ ಅವನು ಕೇಳಿದ ಹಾಗೆಯೇ ಕಾಗದ ಬರೆದು ಕೊಟ್ಟೆ: "ಸರಕಾರಿ ವಿಮಾನವು ಸದರಿ ಹೊಲದಲ್ಲಿ ಹಾಯದೆ ಬದುವಿನ ಗುಂಟವೇ ಹೋಗತಕ್ಕದ್ದು." ಅವನು ಅದನ್ನು ಪಟ್ಟೇವಾಲನ ಕಡೆಯಿಂದ ಎರಡು ಸಲ ಓದಿಸಿ ಕೇಳಿ ರುಮಾಲಿನಲ್ಲಿ ಸಿಕ್ಕಿಸಿಕೊಂಡ. ನಾವು ಬದುವಿನ ಮೇಲೆ ಸರಪಳಿ ಹಾಸಿಕೊಂಡು ಸುತ್ತಿ ಹೋದೆವು.

ಕಚೇರಿಗೆ ಬಂದು ಅವಲ ಕಾರಕೂನರ ಮುಂದೆ ಎಲ್ಲ ಒಪ್ಪಿಸಿ, ಆ ಸುತ್ತು ಎರಡು ಫರ್ಲಾಂಗು, ಅದನ್ನು ಕಳೆದುಬಿಡೋಣ ಅಂದೆ.

"ಕಳೀಬ್ಯಾಡ" ಅಂದರು ಅವರು. "ವಿಮಾನ ಸುತ್ತ ಹಾಕಿ ಹೊಕ್ಕೈತಿ ಅಂತ ಸರಕಾರದ ಪರವಾಗಿ ನೀನ ಬರದ ಕೊಟ್ಟಿ. ಇನ್ನ ಅದು ಸುತ್ತ ಹಾಕೇ ಹೋಗಬೇಕು."

ಹೀಗೆ ಎರಡು ಫರ್ಲಾಂಗು ಕೂಡಿಸಿಕೊಂಡೇ ಕಾಗದ ಮೇಲಿನ ಕಚೇರಿಗೆ ಹೋಯಿತು. ಹದಿನೈದು ದಿನಕ್ಕೆ ವಾಪಸು ಬಂತು. "ಇದು ನೆಲದ ಅಳತೆ. ಕೇಳಿದ್ದು ಹಾರಾಟದ್ದು. ಪ್ರತ್ಯಕ್ಷ ಪರೀಕ್ಷೆಗೆ ವಿಮಾನ ಕಳಿಸಲಾಗುವುದು. ಯಾವಾಗ ಎಂದು ಆಮೇಲೆ ತಿಳಿಸಲಾಗುವುದು."

೫. ಸಾರವಾಡದ ಪಡಸಾಲೆ

ವಿಮಾನ ಬರುವ ತನಕ ನಾನು ಹಂಗಾಮಿಯೇ. ಅಷ್ಟರಲ್ಲಿ ಸಾರವಾಡದಿಂದ ಕರೆ ಬಂತು. ಹೋಗಿ ಪಡಸಾಲೆಯಲ್ಲಿ ಕೂತೆ. ಹುಡುಗಿ ನೀರಿನ ತಂಬಿಗೆ ತಂದು ಇಟ್ಟು ಒಳಗೆ ಹೋದಳು, ಬಾಗಿಲ ಹಿಂದೆಯೇ ನಿಂತಳು. ಬಳೆಯ ಸಪ್ಪಳ ಅಲ್ಲಿಂದಲೇ ಕೇಳುತ್ತಿತ್ತು.

"ಊರಾಗ ಏನೇನೋ ಅನ್ನಾಕತ್ತಾರ" ಎಂದು ಶುರು ಮಾಡಿದರು ಮಾವನಾಗಬೇಕಾದವರು. "ನಿಮ್ಮ ಅಳಿಯ ಗಾಳಿ ಅಳ್ಯಾಕ ಹೋಗ್ಯಾನ ಅಂತಾರ. ಪಾರವಾಳ ಹಿಡಕೊಂಡ ಅಡ್ಡಾಡತಾನ ಅಂತಾರ. ಏನ ನೌಕರಿ ಇದು?"

ನಾನು ಎಲ್ಲ ಬಿಡಿಸಿ ಹೇಳಿದೆ. ಅವರು ಸಾವಧಾನದಿಂದ ಕೇಳಿದರು.

"ಇಂಡಿ ಕಡಿಂದ ಒಂದ ಸಂಬಂಧ ಬಂದೈತಿ. ಕಿರಾಣಿ ಅಂಗಡಿ, ಸ್ವಂತ ಮನಿ. ನಿನಗ ಮಾತ ಕೊಟ್ಟೇನಿ, ಯುಗಾದಿ ತನಕ ತಡೀತೇನಿ. ಖರೇ ಹೇಳು ತಮ್ಮಾ. ಕಾಯಂ ಆಗೂದು ಇನ್ನ ಎಷ್ಟ ದೂರ ಐತಿ?"

ನನ್ನ ಮೇಲೆ ಶನಿ ಕೂತಿದ್ದ. ಇಡೀ ಜಿಲ್ಲೆಯ ಜನರನ್ನು ಯಾವ ಶಬ್ದಕ್ಕಾಗಿ ನಾನು ಬೈಯುತ್ತ ತಿರುಗಿದ್ದೆನೋ ಅದೇ ಶಬ್ದ ನನ್ನ ಬಾಯಿಂದ ಜಾರಿತು.

"ಇಲ್ಲೇ ಐತ್ರಿ."

ಬಾಗಿಲ ಹಿಂದೆ ಬಳೆಯ ಸಪ್ಪಳ ನಿಂತಿತು. ಮಾವನವರು ನಿಟ್ಟುಸಿರು ಬಿಟ್ಟು ಎದ್ದು ನಿಂತರು.

"ಇಲ್ಲೇ ಐತ್ಯಾ? ಹಂಗಾರ ಈ ವರ್ಷ ಇಲ್ಲ ಬಿಡು."

೬. ಇಲ್ಲೇ

ಯುಗಾದಿಗೆ ಇನ್ನು ಹದಿನೈದು ದಿನ ಇರುವಾಗ ವಿಮಾನ ಬಂತು. ಜೋಳದ ರಾಶಿ ಮುಗಿದು ಹೊಲಗಳು ಖಾಲಿಯಾಗಿದ್ದವು. ಹಿಂದಿನ ದಿನವೇ ಅವಲ ಕಾರಕೂನರು ನನಗೆ ತಾಕೀತು ಮಾಡಿದ್ದರು: "ನೀ ವಿಮಾನದಾಗ ಕೂತ ತಿಕೋಟಾದಿಂದ ಹೊರಡು. ನಾ ಬಬಲೇಶ್ವರದಾಗ ಗಡಿಯಾರ ಹಿಡಕೊಂಡ ನಿಂತಿರ್ತೇನಿ. ಖಾನೆ ತುಂಬಿತು, ನೀ ಕಾಯಂ. ತುಂಬಲಿಲ್ಲ, ನಿನ್ನ ಖುರ್ಚಿ ಮ್ಯಾಲ ಬ್ಯಾರೇದಾಂವ." ನನಗೆ ವಿಮಾನ ಹತ್ತುವ ಹೆದರಿಕೆಗಿಂತ ಇಂಡಿಯ ಕಿರಾಣಿ ಅಂಗಡಿಯ ಹೆದರಿಕೆ ಹೆಚ್ಚಾಗಿತ್ತು.

ವಿಮಾನ ಅಂದರೆ ಇಬ್ಬರು ಕೂಡುವಂಥದ್ದು, ಮೇಲೆ ಮುಚ್ಚಿಗೆ ಇಲ್ಲ. ನಡೆಸುವ ಸಾಹೇಬರು ಉತ್ತರದ ಕಡೆಯವರು, ಹಿಂದುಸ್ತಾನಿ ಬಿಟ್ಟರೆ ಇಂಗ್ಲಿಷು. ತಿಕೋಟಾದ ಮೈದಾನದಲ್ಲಿ ಇಳಿದ ವಿಮಾನ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅತ್ತಿತ್ತ ಉರುಳುತ್ತಿದ್ದಾಗ ನಮ್ಮ ಪಟ್ಟೇವಾಲ ಮುಂದೆ ಓಡಿ, ನೆಲಕ್ಕೆ ಕಾಲು ಬಡಿದು ಬಡಿದು, "ಇಲ್ಲೇ! ಇಲ್ಲೇ!" ಎಂದು ಕೂಗಿದ. ವಿಮಾನ ಅಲ್ಲೇ ನಿಂತಿತು. ಸಾಹೇಬರು ಇಳಿದು ಬಂದು ಅವನನ್ನೇ ಕೇಳಿದರು: "ಇಲ್ಲೇ ಕ್ಯಾ ಹೈ?" ಪಟ್ಟೇವಾಲ ತನ್ನ ವಿಜಾಪುರದ ಹಿಂದುಸ್ತಾನಿಯಲ್ಲಿ ಪಾಠ ಹೇಳಿದ: "ಇಲ್ಲೇ ಬೋಲೇ ತೋ ಇದರೀಚ್ ಸಾಬ್. ಇದರೀಚ್ ಉತಾರೋ." ಇಲ್ಲೇ ಅಂದರೆ ಇಲ್ಲಿಯೇ ಇಳಿಸು ಎಂದು. ಸಾಹೇಬರಿಗೆ ಒಂದು ಕನ್ನಡ ಶಬ್ದ ಕಲಿತ ಖುಷಿ. ಚಹಾ ಕುಡಿಯುವಾಗಲೂ "ಇಲ್ಲೇ, ಇಲ್ಲೇ" ಎಂದು ಗಟ್ಟಿ ಮಾಡಿಕೊಂಡರು. ನಾನು ಅದನ್ನು ಕೇಳಿಯೂ ಸುಮ್ಮನಿದ್ದೆ. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

ಪಟ್ಟೇವಾಲ ವಿಮಾನದ ಮುಂದೆ ಕಾಯಿ ಒಡೆದ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಹೊರಟೆವು. ನೆಲ ಬಿಟ್ಟ ಕೂಡಲೇ ನಾನು ಕಣ್ಣು ಮುಚ್ಚಿಕೊಂಡೆ. ಸಾಹೇಬರಿಗೋ ಗೋಳಗುಮ್ಮಟವನ್ನು ಮೇಲಿನಿಂದ ನೋಡುವ ಚಪಲ. ವಿಮಾನವನ್ನು ವಿಜಾಪುರದ ಕಡೆಗೆ ತಿರುಗಿಸಿ, ಗುಮ್ಮಟಕ್ಕೆ ಒಂದು ಪ್ರದಕ್ಷಿಣೆ ಹಾಕಿಸಿ, ಆಮೇಲೆ ಬಬಲೇಶ್ವರದ ದಿಕ್ಕು ಹಿಡಿದರು. ಹೋಗುತ್ತ ಹೋಗುತ್ತ ಕೆಳಗೆ ಎಲ್ಲ ಒಂದೇ ಥರದ ಕರಿಹೊಲ. ಅವರಿಗೆ ಗುರುತು ಸಿಗಲಿಲ್ಲ. ಇಂಜಿನ್ನಿನ ಸಪ್ಪಳ ಸ್ವಲ್ಪ ಇಳಿಸಿ, ಹಿಂದಕ್ಕೆ ತಿರುಗಿ ಕೂಗಿದರು:

"ಬಬಲೇಶ್ವರ ಕಿತನಾ ದೂರ?"

ನಾನು ಕಣ್ಣು ತೆರೆದೆ. ಕೆಳಗೆ ಡೋಣಿ ಕಂಡಿತು, ಗುರುತಿನ ಬೇವಿನ ಗಿಡ ಕಂಡವು. ಬಬಲೇಶ್ವರ ಇನ್ನು ಎರಡು ಹರದಾರಿ ಇತ್ತು. ಆದರೆ ದೂರ ಎಷ್ಟು ಎಂದು ಕೇಳಿದರೆ ವಿಜಾಪುರದ ಮಣ್ಣಿನಲ್ಲಿ ಹುಟ್ಟಿದವನ ನಾಲಗೆ ಏನು ಹೇಳುತ್ತದೆ?

"ಇಲ್ಲೇ ಐತ್ರಿ!"

'ಐತ್ರಿ' ಗಾಳಿಗೆ ಹಾರಿ ಹೋಯಿತು. 'ಇಲ್ಲೇ' ಸಾಹೇಬರ ಕಿವಿಗೆ ಬಿತ್ತು. ಅವರು ಗುಡ್ ಅನ್ನುವಂತೆ ತಲೆಯಾಡಿಸಿ ವಿಮಾನದ ಮೂತಿಯನ್ನು ಕೆಳಗೆ ಮಾಡಿದರು. "ನಹೀ ಸಾಬ್, ನಹೀ! ಇಲ್ಲೇ ಅಂದ್ರ ಇಲ್ಲೇ ಅಲ್ರಿ! ಇಲ್ಲೇ ಅಂದ್ರ ಅಲ್ಲೆ!" ಎಂದು ಹುಯ್ಯಲಿಟ್ಟೆ. ಗಾಳಿಯಲ್ಲಿ ಅವರಿಗೆ ಅದರೊಳಗಿನ ಮೂರು 'ಇಲ್ಲೇ' ಮಾತ್ರ ಕೇಳಿದವು. ಇನ್ನಷ್ಟು ಜೋರಾಗಿ ಇಳಿಸಿದರು.

ವಿಮಾನ ಕೂಳೆ ಹೊಲದಲ್ಲಿ ಇಳಿದು, ಕುಪ್ಪಳಿಸಿ, ಬೇಸಿಗೆಗೆ ಬಾಯಿಬಿಟ್ಟ ಎರೆಮಣ್ಣಿನ ಒಂದು ಬಿರುಕಿನಲ್ಲಿ ಗಾಲಿ ಸಿಕ್ಕಿಸಿಕೊಂಡು ನಿಂತಿತು. ಗಾಲಿ ಢಬ್ ಎಂದು ಒಡೆಯಿತು. ಧೂಳು ಇಳಿದ ಮೇಲೆ ನೋಡುತ್ತೇನೆ, ಒಬ್ಬರು ಬಾರಕೋಲು ಎತ್ತಿಕೊಂಡು ಓಡಿ ಬರುತ್ತಿದ್ದಾರೆ.

"ಯಾಂವಲೇ ಅಂವಾ, ನನ್ನ ಹೊಲದಾಗ..."

ಬಾರಕೋಲು ಮೇಲೆಯೇ ನಿಂತಿತು. ಅದು ಸಾರವಾಡದ ಹೊಲ. ಅವರು ನನ್ನ ಮಾವನಾಗಬೇಕಾದವರು.

"ನೀನೇನೋ ತಮ್ಮಾ? ಬರೂದಿದ್ರ ಒಂದ ಮಾತ ಹೇಳಿ ಕಳಸಬಾರದೇನು? ಮನ್ಯಾಗ ಅಡಗಿ ಸೈತ ಆಗಿಲ್ಲ."

"ನಾವು ಬಬಲೇಶ್ವರಕ್ಕ ಹೊಂಟಿದ್ವಿರಿ" ಅಂದೆ.

"ಮತ್ತ ಇಲ್ಲ್ಯಾಕ ಇಳದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಸಿಟ್ಟಿನಿಂದ ನನ್ನ ಕಡೆ ಬೊಟ್ಟು ಮಾಡಿದರು: "ಇಸ್ ನೇ ಬೋಲಾ. ಇಲ್ಲೇ!" ಮಾವನವರು ಸಾಹೇಬರನ್ನು ನೋಡಿದರು, ವಿಮಾನ ನೋಡಿದರು, ಕಡೆಗೆ ನನ್ನನ್ನು ನೋಡಿದರು. ಬಾರಕೋಲು ಹೆಗಲಿಗೇರಿಸಿ ಎತ್ತಿನ ಕಡೆ ನಡೆದರು. ನನ್ನ ಸಂಬಂಧ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಗಾಲಿಯ ಸಾಮಾನು ಇದ್ದದ್ದು ಬಬಲೇಶ್ವರದ ಮೈದಾನದಲ್ಲಿ. ವಿಮಾನವನ್ನೇ ಅಲ್ಲಿಗೆ ಒಯ್ಯಬೇಕು. ಮಾವನವರು ತಮ್ಮ ಎರಡು ಜೋಡಿ, ಊರವರ ಎರಡು ಜೋಡಿ ಎತ್ತು ಹೂಡಿದರು. ಮನೆಗೆ ಬಂದವರನ್ನು ನಡೆಸುವುದು ಅವರ ಮರ್ಯಾದೆಗೆ ಕಡಿಮೆ. ನಮ್ಮಿಬ್ಬರನ್ನೂ ಇಳಿಯಗೊಡದೆ ವಿಮಾನದಲ್ಲಿಯೇ ಕೂಡಿಸಿದರು. ದಾರಿಯ ಜನ ಬಂದು ಬಂದು ವಿಮಾನಕ್ಕೆ ಆರತಿ ಬೆಳಗಿದರು, ಎತ್ತುಗಳಿಗೆ ಕುಂಕುಮ ಹಚ್ಚಿದರು, ಸಾಹೇಬರಿಗೂ ಹಚ್ಚಿದರು. ಸಂಜೆಗೆ ಎತ್ತು ಬಿಚ್ಚಿ, ಮರುದಿನ ಮತ್ತೆ ಹೂಡಿದರು. ಮೈದಾನ ಇನ್ನೇನು ಬಂತು ಅನ್ನುವಾಗ ಒಬ್ಬ ಅಡ್ಡ ನಿಂತ. ರುಮಾಲಿನಿಂದ ಒಂದು ಕಾಗದ ತೆಗೆದ.

"ಬರದ ಕೊಟ್ಟೀರಿ. ಬದುವಿನ ಗುಂಟ ಹೋಗ್ರಿ."

ವಿಮಾನ ಬದುವಿನ ಗುಂಟ ಸುತ್ತು ಹಾಕಿಯೇ ಹೋಯಿತು.

ಬಬಲೇಶ್ವರದ ಮೈದಾನದಲ್ಲಿ ಅವಲ ಕಾರಕೂನರು ಒಣಗಿದ ಹೂಮಾಲೆ ಹಿಡಿದು ಕೂತಿದ್ದರು. ನಮ್ಮನ್ನು ನೋಡಿದವರೇ ಗಡಿಯಾರ ತೆರೆದರು.

"ನಿನ್ನೆ ಮುಂಜಾನೆ ಒಂಬತ್ತಕ್ಕ ಬಿಟ್ಟಿ. ಈಗ ನಾಕ. ಮೂವತ್ತೊಂದ ತಾಸು" ಎಂದು ಬರೆದುಕೊಂಡರು.

"ರಾಯರ, ಅದು ಹಾರಾಟದ ವ್ಯಾಳ್ಯಾ ಅಲ್ರಿ!"

"ವಿಮಾನದಾಗ ಕೂತ ಬಂದ್ಯೋ ಇಲ್ಲೋ?"

"ಬಂದೇನ್ರಿ."

"ಮುಗೀತು."

ಸಾಹೇಬರು ಕುಂಕುಮದ ಹಣೆಯನ್ನು ಒರೆಸಿಕೊಳ್ಳುತ್ತ ತಮ್ಮ ನಕಾಶೆ ಬಿಚ್ಚಿ, ಬೆರಳಿಟ್ಟು ತೋರಿಸಿದರು: ನೆಟ್ಟಗೆ ಹನ್ನೆರಡು ಮೈಲಿ, ಏಳು ನಿಮಿಷದ ದಾರಿ. ಬದುವಿನ ಸುತ್ತು ಬಿಟ್ಟರೆ ನಮ್ಮ ಸರಪಳಿ ಹೇಳಿದ್ದೂ ಅಷ್ಟೇ. ತಿಕೋಟಾದ ಆ ಹೆಣ್ಣುಮಗಳು ಹೇಳಿದ್ದ ಹೋಗುವ ಮೂರು, ಬರುವ ಐದನ್ನು ಕೂಡಿಸಿ ಅರ್ಧ ಮಾಡಿದರೆ ನಾಲ್ಕು ಹರದಾರಿ, ಅದೇ ಹನ್ನೆರಡು ಮೈಲಿ. ಆವತ್ತೇ ಅವಳ ಮಾತಿಗೆ ಸರಾಸರಿ ತೆಗೆದಿದ್ದರೆ ನನ್ನ ಮದುವೆಯಾಗಿ ಮಗ ಅಂಬೆಗಾಲು ಇಡುತ್ತಿದ್ದ. ಆದರೆ ಅವಲ ಕಾರಕೂನರು ಬರೆದದ್ದನ್ನು ಅಳಿಸುವ ಜಾಯಮಾನದವರಲ್ಲ. ಮೂವತ್ತೊಂದು ತಾಸು ಹಾಗೆಯೇ ಮೇಲಕ್ಕೆ ಹೋಯಿತು. ಎತ್ತಿನ ಗಾಡಿಗಿಂತ ವಿಮಾನ ನಿಧಾನವಾದರೆ ಮೈದಾನ ಯಾಕೆ ಎಂದು ಮೇಲಿನವರು ಮುಂದೆ ಎರಡೂ ಮೈದಾನಗಳನ್ನು ಬಿಟ್ಟುಬಿಟ್ಟರಂತೆ.

ಅವಲ ಕಾರಕೂನರು ಅಷ್ಟಕ್ಕೇ ಬಿಡಲಿಲ್ಲ. ಮಾವನವರ ಎದುರಿಗೇ ಗಟ್ಟಿಯಾಗಿ ಅಂದರು: "ಖಾನೆ ತುಂಬಿತು ಖರೇ. ಆದ್ರ ಸರಕಾರದ ಗಾಲಿ ಒಡದ ಇಂಥಾವಗ ಕಾಯಂ ಹುಕುಂ ಕೊಡಾಕ ಬರ್ತೈತೇನು?"

ಮಾವನವರು ಎತ್ತಿನ ಹಗ್ಗವನ್ನು ಪಕ್ಕದವರ ಕೈಗೆ ಕೊಟ್ಟು ನಿಧಾನಕ್ಕೆ ಮುಂದೆ ಬಂದರು.

"ರಾಯರ, ನೀವು ಕಾಯಂ ಆಗಿ ಎಷ್ಟ ವರ್ಷ ಆತ್ರಿ?"

"ಇಪ್ಪತ್ತೆರಡು."

"ಇಪ್ಪತ್ತೆರಡ ವರ್ಷದಾಗ ನೀವು ಇಲ್ಲೇ ಅಂದಿದ್ದಕ್ಕ ಒಂದ ಗುಬ್ಬಿಯರ ಬಂದ ಕುಂತೈತೇನ್ರಿ? ನಮ್ಮ ಹುಡುಗ ಒಂದ ಸಲ ಅಂದ. ಸರಕಾರದ ವಿಮಾನ ಬಂದ ನನ್ನ ಹೊಲದಾಗ ಕುಂತಿತು. ಇದಕಿಂತ ಕಾಯಂ ಇನ್ನೇನ ಬೇಕ್ರಿ?"

ಅವಲ ಕಾರಕೂನರು ಗಡಿಯಾರ ಮುಚ್ಚಿ ಜೇಬಿಗೆ ಹಾಕಿಕೊಂಡರು. ನನಗೆ ಅಳು ಬಂತು, ನಿಜಕ್ಕೂ ಬಂತು. ಕಾಯಂ ಹುಕುಂ ಬಂದದ್ದು ಎರಡು ವರ್ಷ ತಡವಾಗಿ, ಅದು ಬೇರೆ ಮಾತು. ಆವತ್ತು ಮಾತ್ರ ಹೇಗೋ ಧೈರ್ಯ ತಂದುಕೊಂಡು ಕೇಳಿದೆ:

"ಮಾಮಾರ, ಹಂಗಾರ ಮದಿವಿ ಯಾವಾಗ್ರಿ?"

ಅವರು ಎತ್ತಿನ ಮೈ ತಟ್ಟುತ್ತ, ನನ್ನ ಕಡೆ ತಿರುಗಿಯೂ ನೋಡದೆ ಅಂದರು: "ಇಲ್ಲೇ ಐತಿ."

ಈ ವರ್ಷವೂ ಇಲ್ಲ ಎಂದುಕೊಂಡೇ ಇಬ್ರಾಹಿಂಪುರದ ಖೋಲಿಗೆ ಬಂದೆ. ಯುಗಾದಿ ಕಳೆದ ಐದನೇ ದಿನ ನಮ್ಮ ತಲೆಯ ಮೇಲೆ ಅಕ್ಕಿಕಾಳು ಬಿದ್ದವು. ನಮ್ಮ ಸೀಮೆಯಲ್ಲಿ ಒಬ್ಬರು 'ಇಲ್ಲೇ' ಅಂದದ್ದು ನಿಜವಾಗಿಯೂ ಇಲ್ಲೇ ಇದ್ದದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ.